ಎಂಟನೆಯ ಕಾಲಂ

ಝುಬೈದಾ ನನ್ನ ವಿದ್ಯಾರ್ಥಿನಿಯಾಗಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಸಿಟ್ಟಿನ ಅರ್ಧ ಪಾಲು ಬಂದದ್ದೇ ಅಲ್ಲಿಂದ. ಎಪ್ಪತ್ತೆರಡರಲ್ಲಿ ಬಿ.ಎಸ್ಸಿ.ಗೆ ಸೇರಿದಾಗ ಅವಳಿಗೆ ಪ್ರಯೋಗಶಾಲೆಯ ಒಂದು ಅಳತೆಗೋಲನ್ನು ಸರಿಯಾಗಿ ಓದಲು ಬರುತ್ತಿರಲಿಲ್ಲ. ಎರಡು ಸಲ ನಾನೇ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟಿದ್ದೆ. ಅದೇ ಹುಡುಗಿ ಎಪ್ಪತ್ತೆಂಟರಲ್ಲಿ ನಮ್ಮದೇ ಕಾಲೇಜಿಗೆ ಭೌತಶಾಸ್ತ್ರದ ಲೆಕ್ಚರರ್ ಆಗಿ ಬಂದು, ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಮೇಜಿಗೇ ಕೂತಳು. ನಾನು ಒಳಗೆ ಬಂದರೆ ಆಗಲೂ ಎದ್ದು ನಿಲ್ಲುವಳು.

"ಕೂತ್ಕೊ ಮಾರಾಯ್ತಿ, ನೀನೀಗ ಸ್ಟೂಡೆಂಟ್ ಅಲ್ಲ" ಎಂದರೆ ನಗುವಳು. ನಾನು ಕೂತ ಮೇಲೆಯೇ ಕೂರುವಳು. ಉಳಿದವರೆಲ್ಲ "ಎಂಥ ವಿನಯ, ಆಶಾಲತಾ, ನಿಮ್ಮ ಪುಣ್ಯ" ಎನ್ನುತ್ತಿದ್ದರು. ನನಗೆ ಮಾತ್ರ ಅವಳು ನನ್ನನ್ನು ಎಲ್ಲರ ಮುಂದೆ ಮುದುಕಿ ಮಾಡುತ್ತಿದ್ದಾಳೆ ಅನಿಸುತ್ತಿತ್ತು. ಆಗ ನನಗೆ ಮೂವತ್ತೈದು.

ಉಳಿದ ಅರ್ಧ ಸಿಟ್ಟು ಗ್ಯಾಲಕ್ಸಿಗಳದ್ದು.

ಆರು ತಿಂಗಳು ಮೋಡ ಮುಚ್ಚಿರುವ ಮಂಗಳೂರಿನಲ್ಲಿ ಕೂತು ಗ್ಯಾಲಕ್ಸಿ ಓದುತ್ತೇನೆ ಎಂದಾಗ ನಕ್ಕವರಿದ್ದರು. ದುರ್ಬೀನು ಬೇಕಾದದ್ದು ಅಳೆಯುವವರಿಗೆ. ಅವರು ಅಳೆದು ಅಚ್ಚು ಹಾಕಿಸಿದ ಅಂಕಿಗಳು ಸಿಕ್ಕಿದರೆ ನನಗೆ ಸಾಕಿತ್ತು. ಗ್ಯಾಲಕ್ಸಿ ಎಷ್ಟು ದೂರ ಎಂದರೆ ಅದರ ನಕ್ಷತ್ರಗಳನ್ನು ಒಂದೊಂದಾಗಿ ನೋಡಲು ಆಗುವುದಿಲ್ಲ, ಎಲ್ಲ ಸೇರಿ ಒಂದೇ ಬೆಳಕು. ದೂರದಿಂದ ಒಂದು ಮನೆಯ ಗದ್ದಲ ಕೇಳಿ, ಅಲ್ಲಿ ಮಕ್ಕಳು ಎಷ್ಟು, ಮುದುಕರು ಎಷ್ಟು ಎಂದು ಹೇಳಿದ ಹಾಗೆ, ಆ ಬೆಳಕಿನ ಬಣ್ಣ ನೋಡಿ ಒಳಗೆ ಯಾವ ವಯಸ್ಸಿನ ನಕ್ಷತ್ರಗಳಿವೆ ಎಂದು ಹೇಳಬೇಕು. ಈಚೆಗೆ ಹುಟ್ಟಿದ ದೊಡ್ಡ ನಕ್ಷತ್ರಗಳು ನೀಲಿ. ಕೋಟಿ ವರ್ಷದಲ್ಲಿ ಉರಿದು ಮುಗಿಯುತ್ತವೆ. ಸಣ್ಣವು ಕೆಂಪು, ಸಾವಿರ ಕೋಟಿ ವರ್ಷ ಬಾಳುತ್ತವೆ. ಹಾಗಾಗಿ ನೀಲಿ ಗ್ಯಾಲಕ್ಸಿಯಲ್ಲಿ ಇನ್ನೂ ತೊಟ್ಟಿಲು ತೂಗುತ್ತಿದೆ, ಕೆಂಪು ಗ್ಯಾಲಕ್ಸಿಯಲ್ಲಿ ಹೆರಿಗೆ ನಿಂತು ಬಹಳ ಕಾಲವಾಗಿದೆ ಎಂದು ಲೆಕ್ಕ. ಇಷ್ಟು ಇಟ್ಟುಕೊಂಡು ನಾನು ಐದು ವರ್ಷ ಲಾಗ್ ಟೇಬಲ್ ಸವೆಸಿದ್ದೆ. ಇಡೀ ಜಿಲ್ಲೆಯಲ್ಲಿ ಈ ಕೆಲಸ ಮಾಡುವವಳು ನಾನೊಬ್ಬಳೇ ಎಂಬ ಜಂಬವೂ ಇತ್ತು. ಸುಳ್ಳು ಯಾಕೆ ಹೇಳಲಿ.

ಝುಬೈದಾ ಬಂದು ಒಂದು ವಾರವಾಗಿರಬೇಕು. ಚಹಾದ ಹೊತ್ತಿಗೆ, ಗ್ಯಾಲಕ್ಸಿಗಳ ಬಣ್ಣ ಗುರುತಿಸಿದ ನನ್ನ ನಕ್ಷೆ ನೋಡಿ ಕೇಳಿದಳು, "ಟೀಚರ್, ಇದು ಕೆಂಪು ಉಂಟಲ್ಲ, ಇದಕ್ಕೆ ವಯಸ್ಸಾಗಿದೆ ಅಂತ ಹೇಗೆ ಗೊತ್ತು?"

"ಕೆಂಪು ಉಂಟಲ್ಲ, ಅದಕ್ಕೇ."

"ಅಲ್ಲ ಟೀಚರ್. ನಮ್ಮ ಬೋಳಾರದಲ್ಲಿ ಹಂಚಿನ ಫ್ಯಾಕ್ಟರಿಯ ಭಟ್ಟಿ ಹಚ್ಚಿದ ದಿನ ಸೂರ್ಯ ನಾಲ್ಕು ಗಂಟೆಗೇ ಕೆಂಪು ಕಾಣ್ತದೆ. ಸೂರ್ಯನಿಗೆ ಎಂತದೂ ಆಗಿಲ್ಲ, ಎದುರಿಗೆ ಹೊಗೆ ಉಂಟು, ಅಷ್ಟೆ. ಗ್ಯಾಲಕ್ಸಿ ಒಳಗೂ ಧೂಳು ಉಂಟಲ್ವಾ? ಎಳೆ ಗ್ಯಾಲಕ್ಸಿಗೆ ಧೂಳು ಮುಸುಕಿದ್ರೂ ಅದು ಕೆಂಪೇ ಕಾಣ್ತದಲ್ವಾ?"

ಧೂಳಿನ ವಿಷಯ ನನಗೆ ಗೊತ್ತಿರಲಿಲ್ಲ ಎಂದಲ್ಲ. ಎಲ್ಲ ಪುಸ್ತಕದಲ್ಲೂ ಇರುವ ಮಾತು ಅದು. ನಾನು ಎಲ್ಲ ಗ್ಯಾಲಕ್ಸಿಗಳಿಗೂ ಒಂದೇ ಸಣ್ಣ ಅಂಕಿ ಕಳೆದು ಕೈ ತೊಳೆದುಕೊಂಡಿದ್ದೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು, ಮಹಾಬಲ ಸರ್, ಬಾಗಿಲಲ್ಲಿ ನಿಂತಿದ್ದರು.

"ಆಶಾ, ಇದಕ್ಕೆ ಎಂತ ಉತ್ತರ ನಿನ್ನದು?" ಎಂದರು. ಅವರ ಕಣ್ಣು ಮಾತ್ರ ಅವಳ ಮೇಲಿತ್ತು. ಐದು ವರ್ಷದಲ್ಲಿ ನನ್ನ ನಕ್ಷೆಗಳನ್ನು ಅವರು ಆ ಕಣ್ಣಿನಿಂದ ಒಮ್ಮೆಯೂ ನೋಡಿರಲಿಲ್ಲ.

ಆಮೇಲೆ ಎಲ್ಲವೂ ಅವಳದ್ದೇ. ಅವಳ ಗಂಡ ನೂರ್ ಮುಹಮ್ಮದ್ ಶಾರ್ಜಾದಲ್ಲಿದ್ದ. ಅಲ್ಲಿಂದ ಅವಳಿಗೆ ಪ್ರೋಗ್ರಾಂ ಹಾಕುವ ಒಂದು ಕ್ಯಾಲ್ಕುಲೇಟರ್ ಕಳಿಸಿದ. ಬೇರೆ ಹೆಂಗಸರಿಗೆ ಗಲ್ಫಿನಿಂದ ಸೀರೆ, ಸೆಂಟು ಬರುತ್ತಿದ್ದ ಕಾಲ. ನಾನು ಒಂದು ವಾರ ತಲೆ ಕೆಡಿಸಿಕೊಳ್ಳುತ್ತಿದ್ದ ಕೂಡಿಸುವ ಕೆಲಸವನ್ನು ಅದು ಎರಡು ಮಿನಿಟಿನಲ್ಲಿ ಮಾಡಿ, ಕೆಂಪು ಅಂಕಿ ತೋರಿಸಿ ಕಣ್ಣು ಮಿಟುಕಿಸುತ್ತಿತ್ತು. "ಟೀಚರ್, ನೀವೂ ಉಪಯೋಗಿಸಿ" ಎಂದು ನನ್ನ ಮೇಜಿನ ಮೇಲೆ ಇಟ್ಟು ಹೋಗುವಳು. ನಾನು ಮುಟ್ಟುತ್ತಿರಲಿಲ್ಲ. ಅವಳು ಕ್ಲಾಸಿಗೆ ಹೋದಾಗ ಮುಟ್ಟುತ್ತಿದ್ದೆ.

ಲೆಕ್ಕ ಬರೆಯುವುದು ಮಾತ್ರ ಅವಳು ಬಿಲ್ ಪುಸ್ತಕದಲ್ಲಿ. ಅವಳ ತಂದೆ ಮೊಯ್ದೀನಬ್ಬರಿಗೆ ಬಂದರಿನಲ್ಲಿ ಒಣಮೀನಿನ ಸಗಟು ವ್ಯಾಪಾರ. ಅಂಗಡಿಯ ಹೆಸರು ಅಚ್ಚು ಹಾಕಿದ ಪುಸ್ತಕ: ಮೇಲೆ ಬಿಳಿ ಹಾಳೆ, ಅಡಿಯಲ್ಲಿ ಹಳದಿ, ನಡುವೆ ಕಾರ್ಬನ್. ಬಿಳಿ ಹಾಳೆ ಹರಿದು ಮಹಾಬಲ ಸರ್‌ಗೆ ಕೊಡುವಳು, ಹಳದಿ ಅವಳಲ್ಲಿ ಉಳಿಯುವುದು. ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯ ವಯಸ್ಸು ಒಣಮೀನಿನ ಬಿಲ್ಲಿನ ಮೇಲೆ! ನಾನು ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಿದ್ದೆ. ಅವಳೂ ನಕ್ಕಳು. "ಅಭ್ಯಾಸ ಆಗಿಹೋಗಿದೆ ಟೀಚರ್. ಒಬ್ಬರ ಕೈಗೆ ಎಂತ ಬರೆದು ಕೊಟ್ರೂ ಅದರ ಕಾಪಿ ನಮ್ಮತ್ರ ಇರ್ಬೇಕು ಅಂತ ಬಾಪ ಚಿಕ್ಕಂದಿನಿಂದ ಹೇಳಿಕೊಟ್ಟದ್ದು" ಎಂದಳು.

ಧೂಳನ್ನು ಬೇರ್ಪಡಿಸುವ ದಾರಿಯನ್ನು ಅವಳು ಕಂಡುಕೊಂಡದ್ದು ಎಪ್ಪತ್ತೊಂಬತ್ತರ ಕೊನೆಗೆ. ಹೇಳಿದರೆ ಇಷ್ಟೇ ಅನಿಸುತ್ತದೆ. ಅದಕ್ಕೇ ನನಗೆ ಹೊಟ್ಟೆ ಉರಿದದ್ದು. ಸುರುಳಿ ಗ್ಯಾಲಕ್ಸಿಗಳು ನೀರುದೋಸೆಯ ಹಾಗೆ ತೆಳ್ಳಗೆ, ಚಪ್ಪಟೆ. ಕೆಲವು ನಮಗೆ ಎದುರಾಗಿ ಪೂರ್ತಿ ಕಾಣುತ್ತವೆ, ಕೆಲವು ಅಂಚು ಮಾತ್ರ ತೋರಿಸುತ್ತವೆ. ಅಂಚಿನಿಂದ ನೋಡಿದಾಗ ಬೆಳಕು ಹೆಚ್ಚು ಧೂಳನ್ನು ದಾಟಿ ಬರಬೇಕು. ಒಂದೇ ಜಾತಿಯ ಗ್ಯಾಲಕ್ಸಿಗಳನ್ನು ತೆಗೆದುಕೊಂಡು, ಎದುರಿನಿಂದ ಕಂಡವು ಎಷ್ಟು ಕೆಂಪು, ಅಂಚಿನಿಂದ ಕಂಡವು ಎಷ್ಟು ಕೆಂಪು ಎಂದು ನೋಡಿದರೆ, ನಡುವಿನ ವ್ಯತ್ಯಾಸ ಧೂಳಿನದ್ದು. ವಯಸ್ಸಿನದ್ದಲ್ಲ. ಅದನ್ನು ಕಳೆದರೆ ಉಳಿದದ್ದು ವಯಸ್ಸು. ನಮ್ಮಲ್ಲಿದ್ದ ಒಂದು ಪತ್ರಿಕೆಯ ನಲವತ್ತು ಗ್ಯಾಲಕ್ಸಿಗಳಿಂದ ಅವಳು ಓರೆಗೆ ತಕ್ಕಂತೆ ಧೂಳು ಕಳೆಯುವ ಒಂದು ಸೂತ್ರ ಮಾಡಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಐದು ವರ್ಷ ಅದೇ ನಲವತ್ತು ಗ್ಯಾಲಕ್ಸಿಗಳು ನನ್ನ ಕಪಾಟಿನಲ್ಲಿದ್ದವು.

ನಾನು ಏನು ಮಾಡಿದೆ? ಸುರುಳಿಗಳನ್ನೇ ಬಿಟ್ಟೆ. ಧೂಳೇ ಇಲ್ಲ ಎಂದು ಎಲ್ಲರೂ ಒಪ್ಪಿದ್ದ ಮೊಟ್ಟೆಯಾಕಾರದ ಮುದಿ ಗ್ಯಾಲಕ್ಸಿಗಳನ್ನು ಹಿಡಿದುಕೊಂಡೆ. ಅಲ್ಲಿ ಯಾರೂ ನನ್ನನ್ನು ಏನೂ ಕೇಳುವಂತಿರಲಿಲ್ಲ.

"ನೀನು ಆ ಹುಡುಗಿಯ ಹೆಸರೆತ್ತದ ದಿನ ಇಲ್ಲ" ಎಂದು ದೇರೆಬೈಲಿನ ಮನೆಯಲ್ಲಿ ಅಮ್ಮ ಒಮ್ಮೆ ಹೇಳಿದರು. "ಅಷ್ಟು ಇಷ್ಟವಾ ಅವಳು ನಿನಗೆ?" ನಾನು ಊಟದ ಬಟ್ಟಲು ಬಿಟ್ಟು ಎದ್ದೆ.

ಎಂಬತ್ತರ ಆಗಸ್ಟಿನಲ್ಲಿ ಫೆಲೋಶಿಪ್ಪಿನ ಸುತ್ತೋಲೆ ಬಂತು. ಮೂರು ವರ್ಷ ಸಂಬಳ ಸಹಿತ ರಜೆ, ಬೆಂಗಳೂರಿನಲ್ಲಿ ಸಂಶೋಧನೆ, ಪಿಎಚ್.ಡಿ. ಕಾಲೇಜಿನಿಂದ ಒಬ್ಬರಿಗೆ ಮಾತ್ರ. ಮಾರ್ಚಿನಲ್ಲಿ ಹೊರಗಿನ ಇಬ್ಬರು ಪ್ರೊಫೆಸರರ ಎದುರು ಸೆಮಿನಾರ್ ಕೊಡಬೇಕು, ಅವರು ಆರಿಸುತ್ತಾರೆ. ಅರ್ಜಿ ಹಾಕಿದ್ದು ನಾವಿಬ್ಬರೇ. ವಯಸ್ಸಿನ ಮಿತಿ ನಲವತ್ತು, ಕಾಲೇಜಿಗೆ ಮುಂದಿನ ಸರದಿ ಬರುವಾಗ ನಾನು ಅದನ್ನು ದಾಟಿರುತ್ತಿದ್ದೆ. ನನ್ನ ಪಾಲಿಗೆ ಅದು ಕೊನೆಯ ಗಾಡಿ. ಅವಳಿಗೂ ಅದೇ ಕೊನೆಯದ್ದು ಎಂದು ಅವಳೇ ಹೇಳಿದಳು. "ಇದು ಸಿಕ್ಕಿದ್ರೆ ಓದು, ನಾನು ಕಾಯ್ತೇನೆ ಅಂತ ಇವರು ಬರೆದಿದ್ದಾರೆ. ಸಿಗದಿದ್ರೆ ಕೆಲಸ ಬಿಟ್ಟು ಶಾರ್ಜಾಕ್ಕೆ ಹೋಗ್ಬೇಕು ಟೀಚರ್. ವಿಸಾ ರೆಡಿ ಉಂಟು." ನನ್ನ ಹತ್ತಿರ ಯಾಕೆ ಹೇಳಿದಳೋ. ನನಗೆ ಕೇಳಿಸಿದ್ದು ಒಂದೇ: ಸಿಗದಿದ್ದರೆ ಇವಳು ಹೋಗುತ್ತಾಳೆ.

ಅವಳ ಸೂತ್ರವನ್ನು ಪರೀಕ್ಷಿಸಲು ಹೊಸ ಗ್ಯಾಲಕ್ಸಿಗಳ ಅಂಕಿ ಬೇಕಿತ್ತು. ಅವು ಬೆಂಗಳೂರಿನ ಒಂದು ಗ್ರಂಥಾಲಯದ ದಪ್ಪ ಕೆಟಲಾಗಿನಲ್ಲಿದ್ದವು. ಹೊರಗೆ ಕೊಡದ ಪುಸ್ತಕ. ಅಲ್ಲೇ ಕೂತು ಕೈಯಲ್ಲಿ ಬರೆದುಕೊಳ್ಳಬೇಕು. ಜನವರಿಯಲ್ಲಿ ಮೊಯ್ದೀನಬ್ಬರ ಕಣ್ಣಿನ ಆಪರೇಶನ್ ಆಗಿತ್ತು, ಅವಳು ಬಿಟ್ಟು ಬರುವ ಹಾಗಿರಲಿಲ್ಲ. ನಾನು ನನ್ನ ಮೊಟ್ಟೆಗಳಿಗಾಗಿ ಹೋಗುವವಳಿದ್ದೆ. "ನನ್ನದೂ ಒಂದು ನೂರ ಹನ್ನೆರಡು ಉಂಟು ಟೀಚರ್, ತೊಂದರೆ ಇಲ್ಲದಿದ್ರೆ" ಎಂದು ಬಿಲ್ ಪುಸ್ತಕದಿಂದ ಒಂದು ಬಿಳಿ ಹಾಳೆ ಹರಿದು ಕೊಟ್ಟಳು. ಗ್ಯಾಲಕ್ಸಿಗಳ ನಂಬರು, ಅಡಿಯಲ್ಲಿ ಅವಳ ಗುಂಡು ಅಕ್ಷರ: "ಎಂಟನೆಯ ಕಾಲಂ ಮಾತ್ರ. ಹನ್ನೊಂದು ಬೇಡ, ಅದರಲ್ಲಿ ಧೂಳು ಆಗಲೇ ಕಳೆದಿದ್ದಾರೆ."

ಇದು ಅರ್ಥವಾಗಬೇಕು. ಎಂಟನೆಯ ಕಾಲಮಿನಲ್ಲಿ ಕಂಡ ಬಣ್ಣ ಕಂಡ ಹಾಗೆ ಇತ್ತು. ಹನ್ನೊಂದರಲ್ಲಿ ಕೆಟಲಾಗು ಮಾಡಿದವರೇ ಓರೆ ನೋಡಿ, ತಮ್ಮ ಅಂದಾಜಿನಲ್ಲಿ ಧೂಳಿನ ಪಾಲು ಕಳೆದು ಇಟ್ಟಿದ್ದರು. ಅದನ್ನು ತೆಗೆದುಕೊಂಡು ಮತ್ತೊಮ್ಮೆ ಧೂಳು ಕಳೆದರೆ, ಇಲ್ಲದ ಧೂಳನ್ನು ಕಳೆದ ಹಾಗೆ.

ಗ್ರಂಥಾಲಯದಲ್ಲಿ ಮಧ್ಯಾಹ್ನದವರೆಗೆ ನನ್ನ ಕೆಲಸ ಮುಗಿಸಿ, ಅವಳದ್ದಕ್ಕೆ ಕೂತೆ. ಎಂಟನೆಯ ಕಾಲಮಿನಿಂದಲೇ ಶುರು ಮಾಡಿದೆ. ಇಪ್ಪತ್ತು ಬರೆಯುವಷ್ಟರಲ್ಲಿ ನನಗೆ ಕಾಣಿಸಿಬಿಟ್ಟಿತು. ಅಂಚಿನಿಂದ ಕಂಡದ್ದು ಇಷ್ಟು ಹೆಚ್ಚು ಕೆಂಪು ಇರಬೇಕು ಎಂದು ಅವಳ ಸೂತ್ರ ಹೇಳುತ್ತದಲ್ಲ, ಅಷ್ಟೇ ಇತ್ತು. ಒಂದರ ನಂತರ ಒಂದು. ಕ್ಯಾಲ್ಕುಲೇಟರ್ ಬೇಕಾಗಿರಲಿಲ್ಲ, ಬೆರಳಲ್ಲಿ ಎಣಿಸಬಹುದಿತ್ತು. ಅಳತೆಗೋಲು ಓದಲು ಬಾರದ ಹುಡುಗಿ ಹಂಚಿನ ಫ್ಯಾಕ್ಟರಿಯ ಹೊಗೆ ನೋಡಿ ಕೇಳಿದ ಪ್ರಶ್ನೆಗೆ ಆಕಾಶ ಹೌದು ಹೌದು ಎನ್ನುತ್ತಿತ್ತು. ಆ ಹೌದು ಕೇಳಲು ನಾನು ಬಸ್ಸಿನಲ್ಲಿ ಘಾಟಿ ಹತ್ತಿ ಬಂದಿದ್ದೆ, ಅವಳ ಗುಮಾಸ್ತಳಾಗಿ.

ಕೈ ತಪ್ಪಿತು ಎಂದು ಹೇಳಬಹುದಿತ್ತು. ಕಾಲಂ ಒತ್ತೊತ್ತಾಗಿ ಇದ್ದವು, ಅಕ್ಷರ ಸಣ್ಣದು. ಆದರೆ ಹಾಗಾಗಲಿಲ್ಲ. ನಾನು ಬರೆದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದೆ. ಹೊಸ ಹಾಳೆ ತೆಗೆದು, ಹನ್ನೊಂದನೆಯ ಕಾಲಮನ್ನು, ನೂರ ಹನ್ನೆರಡನ್ನೂ, ಒಂದೂ ತಪ್ಪದೆ, ಮುತ್ತು ಪೋಣಿಸಿದ ಹಾಗೆ ಬರೆದೆ. ಚೀಟಿಯನ್ನು ಬಸ್‌ ಸ್ಟ್ಯಾಂಡಿನಲ್ಲಿ ಚೂರು ಮಾಡಿದೆ. ಬಿಲ್ ಪುಸ್ತಕವೆಂದು ಎಲ್ಲರನ್ನೂ ನಗಿಸಿದ ನನಗೇ ಬಿಳಿ ಹಾಳೆಯ ಅಡಿಯಲ್ಲಿ ಇನ್ನೊಂದು ಹಾಳೆ ಇರುತ್ತದೆ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ಊರಿಗೆ ಬಂದು ಕೊಟ್ಟಾಗ ಝುಬೈದಾ ಹಾಳೆಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. "ನಿಮ್ಮ ಅಕ್ಷರ ನೋಡಿದ್ರೆ ಖುಷಿ ಆಗ್ತದೆ ಟೀಚರ್" ಎಂದಳು. ಮರುದಿನ ಮನೆಯಿಂದ ನನಗೆಂದು ಪತ್ತಿರಿ, ಅವರ ಮನೆಯ ತೆಳ್ಳಗಿನ ಅಕ್ಕಿರೊಟ್ಟಿ, ಕಟ್ಟಿಸಿಕೊಂಡು ಬಂದಳು. ನಾನು ತಿಂದೆ.

ಸೆಮಿನಾರಿನ ಹಿಂದಿನ ದಿನ ಸಂಜೆ ನಾಲ್ಕಕ್ಕೆ, ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಟೀಚರ್, ಒಂದು ವಿಷಯ. ನನ್ನ ಲೆಕ್ಕದಲ್ಲಿ ಅಂಚಿನಿಂದ ಕಾಣುವ ಗ್ಯಾಲಕ್ಸಿ ಎಲ್ಲ ಎಳೆಯವು, ಎದುರಿನಿಂದ ಕಾಣುವವು ಎಲ್ಲ ಮುದಿ ಅಂತ ಬರ್ತಾ ಉಂಟು."

"ಇರಬಹುದು. ಹೊಸ ವಿಷಯ ಅಲ್ವಾ?" ಎಂದೆ. ನನ್ನ ಧ್ವನಿ ನನಗೇ ಕೇಳಲು ಅಸಹ್ಯವಾಗಿತ್ತು.

"ಹೇಗೆ ಸಾಧ್ಯ ಟೀಚರ್? ಅದು ಓರೆ ಕಾಣುವುದು ನಾವು ಇಲ್ಲಿಂದ ನೋಡುವುದರಿಂದ. ನಾವು ಯಾವ ಕಡೆಯಿಂದ ನೋಡ್ತೇವೆ ಅಂತ ಅದಕ್ಕೆ ಗೊತ್ತಿರ್ತದಾ? ನೋಡಿ ವಯಸ್ಸು ಕಡಿಮೆ ಮಾಡಿಕೊಳ್ತದಾ?" ಅವಳು ನಗಲು ನೋಡಿದಳು. "ಧೂಳು ಎರಡು ಸಲ ಹೋಗಿದೆ. ಅಂಕಿ ಆಗಲೇ ಕಳೆದದ್ದು ಇರ್ಬೇಕು. ನಿಮಗೆ ನೆನಪುಂಟಾ, ಅದು ಎಂಟನೆಯ ಕಾಲಮಾ, ಹನ್ನೊಂದಾ?"

ಅವಳ ಮುಂದೆ ಬಿಲ್ ಪುಸ್ತಕ ಇತ್ತು, ಮುಚ್ಚಿದ್ದು. ಅದರ ಮೇಲೆ ಅವಳ ಅಂಗೈ.

ಆಗ ಹೇಳಬಹುದಿತ್ತು. ಗಡಿಬಿಡಿಯಲ್ಲಿ ತಪ್ಪಿತು ಎಂದಿದ್ದರೂ ಸಾಕಿತ್ತು, ಅವಳು ಸರ್ ಹತ್ತಿರ ಒಂದು ತಿಂಗಳ ಸಮಯ ಕೇಳುತ್ತಿದ್ದಳು, ಅವರು ಕೊಡುತ್ತಿದ್ದರು. ನನಗೆ ಕಂಡದ್ದು ಅದೇ: ಅವರು ಕೊಡುತ್ತಾರೆ. ಅವಳು ಕೇಳಿದ್ದನ್ನು ಎಲ್ಲರೂ ಕೊಡುತ್ತಾರೆ.

"ನೀನು ಚೀಟಿಯಲ್ಲಿ ಹನ್ನೊಂದು ಅಂತ ಬರೆದಿದ್ದೆ" ಎಂದೆ. "ನೀನು ಬರೆದದ್ದನ್ನೇ ನಾನು ತಂದದ್ದು."

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ತುಂಬ ಹೊತ್ತೂ ಅಲ್ಲ. ಪುಸ್ತಕದ ಮೇಲಿದ್ದ ಅಂಗೈ ತೆಗೆಯಲಿಲ್ಲ.

"ಹಾಗಾದ್ರೆ ನಾನೇ ತಪ್ಪು ಬರೆದಿರ್ಬೇಕು ಟೀಚರ್" ಎಂದಳು.

ಮರುದಿನ ನಾನು ಮೊದಲು ಮಾತಾಡಿದೆ. ಮೊಟ್ಟೆ ಗ್ಯಾಲಕ್ಸಿಗಳು ಮುದಿ, ಅಲ್ಲಿ ನಕ್ಷತ್ರ ಹುಟ್ಟುವುದು ನಿಂತು ಬಹಳ ಕಾಲವಾಯಿತು ಎಂದು ಮೂವತ್ತು ಮಿನಿಟು ಹೇಳಿದೆ. ಹೊರಗಿನ ಪ್ರೊಫೆಸರರು ತಲೆಯಾಡಿಸಿದರು. ಅವರಿಗೆ ಗೊತ್ತಿಲ್ಲದ್ದನ್ನು ನಾನು ಏನೂ ಹೇಳಿರಲಿಲ್ಲ, ಹಾಗಾಗಿ ತಪ್ಪೂ ಇರಲಿಲ್ಲ.

ಝುಬೈದಾ ಬೋರ್ಡಿನ ಮೇಲೆ ತನ್ನ ನಕ್ಷೆ ಅಂಟಿಸಿ, "ಇದು ತಪ್ಪು" ಎಂದೇ ಶುರು ಮಾಡಿದಳು. ಯಾಕೆ ತಪ್ಪು ಎಂದು ಹತ್ತು ಮಿನಿಟಿನಲ್ಲಿ ಎಷ್ಟು ಸ್ಪಷ್ಟವಾಗಿ ಹೇಳಿದಳೆಂದರೆ, ಹಿಂದಿನ ಸಾಲಿನಲ್ಲಿ ಕೂತಿದ್ದ ಡಿಗ್ರಿ ಹುಡುಗಿಯರಿಗೂ ತಿಳಿಯಿತು. "ಕೆಟಲಾಗಿನಿಂದ ಯಾವ ಕಾಲಂ ಬೇಕು ಅಂತ ಬರೆದು ಕೊಡುವಾಗ ನನ್ನಿಂದ ತಪ್ಪಾಗಿದೆ. ಆಶಾಲತಾ ಟೀಚರ್ ನನಗಾಗಿ ಒಂದಿಡೀ ಮಧ್ಯಾಹ್ನ ಕೂತು ಬರೆದು ತಂದಿದ್ದಾರೆ, ಅವರ ಶ್ರಮ ನಾನು ಹಾಳು ಮಾಡಿದೆ" ಎಂದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಹುಡುಗಿಯರು ಚಪ್ಪಾಳೆ ತಟ್ಟಿದರು. ಸೋಲುವಾಗಲೂ ನನಗಿಂತ ಚೆನ್ನಾಗಿ ಸೋಲುತ್ತಾಳಲ್ಲ ಎಂದು ನನ್ನ ಮೈ ಉರಿಯಿತು. ನಾನೂ ಚಪ್ಪಾಳೆ ತಟ್ಟಿದೆ.

ಏಪ್ರಿಲಿನಲ್ಲಿ ಮಹಾಬಲ ಸರ್ ನನ್ನನ್ನು ಕರೆದು ಪತ್ರ ಕೊಟ್ಟರು. "ನಿನಗೆ ಸಿಕ್ಕಿದೆ ಆಶಾ. ಸಂತೋಷ" ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತಾ, "ಅವಳ ಯೋಚನೆ ದೊಡ್ಡದಿತ್ತು ಮಾರಾಯ್ತಿ. ಎಂತ ಮಾಡುವುದು, ಕಮಿಟಿಗೆ ಫಲಿತಾಂಶ ಬೇಕು" ಎಂದರು. ನನ್ನ ಕೈಯಲ್ಲಿ ಪತ್ರ ಇದ್ದಾಗಲೂ ಅವರು ಮಾತಾಡಿದ್ದು ಅವಳ ಬಗ್ಗೆ.

ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಝುಬೈದಾ ದೇರೆಬೈಲಿನ ನಮ್ಮ ಮನೆಗೆ ಬಂದಳು. ಕೈಯಲ್ಲಿ ಹಂಪನಕಟ್ಟೆಯಿಂದ ತಂದ ಹಲ್ವದ ಪೊಟ್ಟಣ, ಒಂದು ಬಟ್ಟೆಯ ಚೀಲ. ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಳು. ಶನಿವಾರ ಸಂಜೆಯ ಬಸ್ಸಿನಲ್ಲಿ ಬೊಂಬಾಯಿಗೆ, ಅಲ್ಲಿಂದ ವಿಮಾನ. ಅಮ್ಮ ಅವಳಿಗೆ ಎಳನೀರು ಕೊಟ್ಟು, ತಲೆ ಸವರಿ, ಒಳಗೆ ಹೋದರು.

ಚೀಲದಿಂದ ಕ್ಯಾಲ್ಕುಲೇಟರ್ ತೆಗೆದು ನನ್ನ ಮುಂದಿಟ್ಟಳು. ಅದರ ಪಕ್ಕದಲ್ಲಿ ಏಳು ಬಿಲ್ ಪುಸ್ತಕಗಳು.

"ಇದೆಲ್ಲ ಎಂತ?" ಎಂದೆ.

"ಅಲ್ಲಿ ನನಗೆಂತಕ್ಕೆ ಟೀಚರ್? ಬೆಂಗಳೂರಲ್ಲಿ ನಿಮಗೆ ಬೇಕಾಗ್ತದೆ. ಸೂತ್ರ, ಪ್ರೋಗ್ರಾಂ ಎಲ್ಲ ಇದರಲ್ಲೇ ಉಂಟು. ಯಾರಾದ್ರೂ ಮುಗಿಸ್ಬೇಕಲ್ಲ." ಏಳನೆಯ ಪುಸ್ತಕವನ್ನು ಮೇಲೆ ಇಟ್ಟಳು. "ಇದನ್ನು ಮೊದಲ ಹಾಳೆಯಿಂದಲೇ ನೋಡಿ. ಹೊಸ ಲೆಕ್ಕ ಅಲ್ಲಿಂದ ಶುರು."

ಹೋಗುವಾಗ ನಾನು ಎದ್ದು ನಿಂತೆ. ಅವಳು "ಕೂತ್ಕೊಳ್ಳಿ ಟೀಚರ್" ಎಂದಳು.

ಅವಳು ಗೇಟು ದಾಟುವ ಮೊದಲೇ ನಾನು ಏಳನೆಯ ಪುಸ್ತಕ ತೆರೆದಿದ್ದೆ. ಮೊದಲನೆಯದ್ದು ಒಂದು ಹಳದಿ ಹಾಳೆ. ಮೇಲೆ ಅವಳ ಅಪ್ಪನ ಅಂಗಡಿಯ ಹೆಸರು, ಕೆಳಗೆ ನೂರ ಹನ್ನೆರಡು ಗ್ಯಾಲಕ್ಸಿಗಳ ನಂಬರು, ತಾರೀಕು, ಕಾರ್ಬನ್ನಿನ ನೇರಳೆ ಬಣ್ಣದಲ್ಲಿ ಅವಳ ಗುಂಡು ಅಕ್ಷರ. ಎಂಟನೆಯ ಕಾಲಂ ಮಾತ್ರ. ಹನ್ನೊಂದು ಬೇಡ.

ನಾನು ಸುಳ್ಳು ಹೇಳಿದಾಗ ಅವಳ ಅಂಗೈ ಇದರ ಮೇಲೆಯೇ ಇತ್ತು. ಸೆಮಿನಾರಿನ ದಿನವೂ ಪುಸ್ತಕ ಅವಳ ಚೀಲದಲ್ಲಿತ್ತು. ತೆರೆದು ಮಹಾಬಲ ಸರ್‌ಗೆ ತೋರಿಸಿದ್ದರೆ ಮುಗಿಯುತ್ತಿತ್ತು. ತನಗೆ ಕಲಿಸಿದವಳನ್ನು ಹುಡುಗಿಯರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಲು ಅವಳಿಗೆ ಆಗಲಿಲ್ಲ. ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಆ ಹಾಳೆಯನ್ನು ನನ್ನ ಮುಖಕ್ಕೆ ಎಸೆದಿದ್ದರೆ ನಾನು ಅವಳನ್ನು ದ್ವೇಷಿಸಿಕೊಂಡು ನೆಮ್ಮದಿಯಾಗಿ ಇರುತ್ತಿದ್ದೆ. ಅದಕ್ಕೂ ಬಿಡಲಿಲ್ಲ ಅವಳು.

ನಾಚಿಕೆ ಮಧ್ಯಾಹ್ನ ಬಂತು. ಏಳನೆಯ ಪುಸ್ತಕದ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು. ಕಾರ್ಬನ್ ಸರಿಯಾಗಿ ಇಟ್ಟು, ಮಹಾಬಲ ಸರ್‌ಗೆ ಬರೆದೆ. "ಝುಬೈದಾಳ ಚೀಟಿಯಲ್ಲಿ ಎಂಟು ಎಂದೇ ಇತ್ತು. ನಾನು ಬೇಕೆಂದೇ ಹನ್ನೊಂದನ್ನು ಬರೆದೆ. ಅವಳ ಸೂತ್ರ ಸರಿ ಎಂದು ನನಗೆ ಜನವರಿಯಲ್ಲೇ ಗೊತ್ತಿತ್ತು. ಫೆಲೋಶಿಪ್ ಅವಳದ್ದು." ನಾಲ್ಕೇ ವಾಕ್ಯ. ಸಹಿ ಹಾಕಿದೆ. ಶನಿವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು.

ಬುಧವಾರ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಸರ್ ಮನೆಯ ಗೇಟಿನವರೆಗೆ ಹೋದೆ. ಅವರು ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ವಾಪಸು ಬಂದೆ. ಗುರುವಾರ, ಅವಳ ಟಿಕೆಟು ಆಗಿದೆ, ಗಂಡ ಕಾಯುತ್ತಿದ್ದಾನೆ, ಈಗ ಹೇಳಿದರೆ ಅವಳ ಸಂಸಾರಕ್ಕೇ ತೊಂದರೆ ಎಂದು ನನಗೆ ಅವಳ ಮೇಲೆ ಇದ್ದಕ್ಕಿದ್ದಂತೆ ಕಾಳಜಿ ಹುಟ್ಟಿತು. ಶುಕ್ರವಾರ ತಲೆನೋವು. ಶನಿವಾರ ಸಂಜೆ ಹಂಪನಕಟ್ಟೆಗೆ ಹೋಗಿ ಬೊಂಬಾಯಿ ಬಸ್ಸಿನ ಎದುರು ಬದಿಯಲ್ಲಿ, ಒಂದು ಔಷಧಿ ಅಂಗಡಿಯ ಜಗಲಿಯಲ್ಲಿ ನಿಂತೆ. ಪುಸ್ತಕ ಚೀಲದಲ್ಲೇ ಇತ್ತು. ಮೊಯ್ದೀನಬ್ಬ ಕಪ್ಪು ಕನ್ನಡಕ ಹಾಕಿಕೊಂಡು ಮಗಳ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸುತ್ತಿದ್ದರು. ಅವಳು ಮೆಟ್ಟಿಲಲ್ಲಿ ನಿಂತು ಒಮ್ಮೆ ರಸ್ತೆಯ ಎರಡೂ ಕಡೆ ನೋಡಿದಳು. ನನ್ನನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ. ನಾನು ಅಂಗಡಿಯವನ ಹತ್ತಿರ ತಲೆನೋ​ವಿನ ಮಾತ್ರೆ ಕೇಳಿದೆ. ತಿರುಗುವಷ್ಟರಲ್ಲಿ ಬಸ್ಸು ಹೋಗಿತ್ತು.

ಜುಲೈಯಲ್ಲಿ ಬೆಂಗಳೂರು ಸೇರಿದೆ. ಅದೇ ಗ್ರಂಥಾಲಯ, ಅದೇ ಕೆಟಲಾಗು, ಎಂಟನೆಯ ಕಾಲಂ. ಅವಳ ಪ್ರೋಗ್ರಾಂ ಅವಳ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೂರ ಹನ್ನೆರಡನ್ನೂ ಎರಡು ಮಧ್ಯಾಹ್ನದಲ್ಲಿ ಮುಗಿಸಿದೆ. ಅಂಚಿನಿಂದ ಕಂಡವು, ಎದುರಿನಿಂದ ಕಂಡವು, ಎಲ್ಲ ಒಂದೇ ಸಾಲಿಗೆ ಬಂದು ನಿಂತವು. ಒಂದು ಗ್ಯಾಲಕ್ಸಿಯೂ ಹಟ ಮಾಡಲಿಲ್ಲ.

ಎಂಬತ್ತನಾಲ್ಕರಲ್ಲಿ ಪಿಎಚ್.ಡಿ. ಆಯಿತು. ಮೊಟ್ಟೆಗಳ ಮೇಲೆ ಅಲ್ಲ, ಸುರುಳಿಗಳ ಮೇಲೆ. ವೈವಾ ದಿನ ಒಬ್ಬರು ಪ್ರೊಫೆಸರರು, ಧೂಳನ್ನು ವಯಸ್ಸಿನಿಂದ ಬೇರ್ಪಡಿಸುವ ಈ ಯೋಚನೆ ಹೇಗೆ ಹೊಳೆಯಿತು ಎಂದು ಕೇಳಿದರು. "ನನ್ನ ವಿದ್ಯಾರ್ಥಿನಿ ಒಬ್ಬಳು ಕೇಳಿದ ಪ್ರಶ್ನೆ" ಎಂದೆ. ಎಲ್ಲರೂ ಮೆಚ್ಚಿ ನಕ್ಕರು. ಎಂಥ ವಿನಯ ಎಂದರು. ನಿಜ ಹೇಳಿದರೂ ನನಗೇ ಹೊಗಳಿಕೆ ಬರುವ ಹಾಗೆ ಮಾಡಿಟ್ಟು ಹೋಗಿದ್ದಳು ಪುಣ್ಯಾತ್ಗಿತ್ತಿ. ಅವಳ ಮೇಲಿನ ಹೊಟ್ಟೆಕಿಚ್ಚು ಇವತ್ತಿಗೂ ಒಂದು ಚೂರೂ ಕಡಿಮೆಯಾಗಿಲ್ಲ.

ಬಿಲ್ ಪುಸ್ತಕಗಳು ನನ್ನ ಕಪಾಟಿನಲ್ಲಿವೆ. ಏಳರಲ್ಲೂ ಅವಳು ಬರೆದಲ್ಲೆಲ್ಲ ಹಳದಿ ಹಾಳೆ ಮಾತ್ರ, ಬಿಳಿಯನ್ನು ಅವಳು ಹರಿದು ಕೊಡಬೇಕಾದವರಿಗೆ ಕೊಟ್ಟಾಗಿದೆ. ಏಳನೆಯದ್ದರ ಕೊನೆಯಲ್ಲಿ ನನ್ನ ನಾಲ್ಕು ವಾಕ್ಯದ ಪತ್ರ ಉಂಟು. ಬರೆದ ಮೇಲೂ ಬಿಳಿ ಹಾಳೆ ಹರಿಯದೆ ಉಳಿದದ್ದು ಅದೊಂದರಲ್ಲೇ.